ಸೊಂಟದಲ್ಲಿ ಪಿಸ್ತೂಲು, ಮನೆಯಲ್ಲಿ ದಿಗಿಲು

ಪ್ರಶ್ನೆ:

ಅಕ್ಕಾ, ನಮ್ಮದು ಅಂಕೋಲಾ ತಾಲೂಕು. ನಮ್ಮನೆಯವರು ಐಸ್ ಪ್ಲಾಂಟ್ ನಡೆಸುತ್ತಾರೆ, ಮೀನಿನ ಲಾರಿಗಳೂ ಇವೆ. ಕಾರವಾರದ ಬೈತಖೋಲ ಬಂದರಿಗೂ ಬೇಲೆಕೇರಿಗೂ ದಿನಾ ಓಡಾಟ, ಕೈಯಲ್ಲಿ ಸದಾ ನಗದು ಹಣ. ಎರಡು ವರ್ಷದ ಹಿಂದೆ ಯಾರೋ ಫೋನಿನಲ್ಲಿ ದುಡ್ಡು ಕೇಳಿ ಬೆದರಿಸಿದರು. ಪೊಲೀಸರಿಗೆ ದೂರು ಕೊಟ್ಟೆವು. ಆಮೇಲೆ ಇವರು ಡಿಸಿ ಆಫೀಸಿಗೆ ಅರ್ಜಿ ಹಾಕಿ, ಲೈಸೆನ್ಸ್ ಮಾಡಿಸಿ, .32 ಪಿಸ್ತೂಲು ತಂದರು. ಆ ಫೋನು ಮತ್ತೆ ಬರಲಿಲ್ಲ. ಪಿಸ್ತೂಲು ಮಾತ್ರ ಮನೆಯಲ್ಲೇ ಉಳಿಯಿತು.

ಹೊರಗೆ ಹೊರಟಾಗ ಪ್ಯಾಂಟಿನ ಹಿಂಬದಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮನೆಯಲ್ಲಿ ಲುಂಗಿ ಉಟ್ಟಾಗಲೂ ಒಮ್ಮೊಮ್ಮೆ ಸೊಂಟದಲ್ಲಿರುತ್ತದೆ. ಮದುವೆ ಮನೆಗೂ ಒಯ್ಯುತ್ತಾರೆ. ಅಂಗಿ ಸರಿದಾಗ ಜನ ನೋಡುತ್ತಾರೆ, ಇವರಿಗೆ ಅದರಿಂದ ಬೇಸರವಾದಂತೆ ಕಾಣುವುದಿಲ್ಲ. ಗೋವಾಕ್ಕೆ ಹೋದರೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇರುತ್ತದೆ. ಬರುವಾಗ ಸ್ವಲ್ಪ ಕುಡಿದಿರುತ್ತಾರೆ. ರಾತ್ರಿ ಕಪಾಟಿನಲ್ಲಿ, ನನ್ನ ಸೀರೆಗಳ ಅಡಿಗೆ. ಕೇಳಿದರೆ "ಲೈಸೆನ್ಸ್ ಉಂಟಲ್ಲ, ನಿಂಗೇನು ಹೆದ್ರಿಕೆ?" ಎನ್ನುತ್ತಾರೆ. ಟೆಕ್ಸಾಸಿನಲ್ಲಿರುವ ಮೈದುನ ಕೂಡ "ಇಲ್ಲೆಲ್ಲ ಇದು ಮಾಮೂಲು ಅತ್ತಿಗೆ" ಎಂದು ನಗುತ್ತಾನೆ. ನಾನು ಸುಮ್ಮನೆ ಹೆದರುತ್ತಿದ್ದೇನೆಯೇ? ಇದು ಕಾನೂನಿಗೆ ಸರಿಯೇ? ಇವರಿಗೆ ಹೇಗೆ ಹೇಳಲಿ?

ಮಗನದೂ ಒಂದು ಚಿಂತೆ. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯ ಹೋದವು. ಅಂದಿನಿಂದ ಕೋಣೆ ಬಿಟ್ಟು ಹೊರಗೆ ಬರುವುದು ಕಡಿಮೆ. ಮೊನ್ನೆ ಊಟಕ್ಕೆ ಕರೆದರೆ "ನಾನಿದ್ದು ಯಾರಿಗೇನಾಗ್ಬೇಕು" ಎಂದ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಉತ್ತರ:

ತಂಗಿ, ಇನ್ನೊಮ್ಮೆ ಬರೆಯುತ್ತೇನೆ ಎಂದು ನೀವು ಪಕ್ಕಕ್ಕಿಟ್ಟ ಆ ಮಾತಿನಿಂದಲೇ ನಾನು ಶುರು ಮಾಡಬೇಕು. ಲೈಸೆನ್ಸ್, ಗೋವಾ, ಮದುವೆ ಮನೆ ಎಲ್ಲ ಆಮೇಲೆ. ನಿಮ್ಮ ಮನೆಯಲ್ಲಿ ಬದುಕಿನ ಮೇಲೆ ಬೇಸರ ಬಂದಿರುವ ಒಬ್ಬ ಹುಡುಗ ಇದ್ದಾನೆ. ಅದೇ ಮನೆಯ ಕಪಾಟಿನಲ್ಲಿ, ಬೀಗವಿಲ್ಲದೆ, ಪಿಸ್ತೂಲು ಇದೆ. ಈ ಎರಡೂ ಇನ್ನು ಒಂದೇ ಸೂರಿನಡಿ ಇರಬಾರದು.

ಸಾಯಬೇಕೆನ್ನುವ ಯೋಚನೆ ಹರೆಯದವರಲ್ಲಿ ಹಲವು ಸಲ ಉಕ್ಕಿ ಬಂದು ಇಳಿಯುವಂಥದು. ಆ ಹೊತ್ತು ದಾಟಿದರೆ ಬದುಕುತ್ತಾರೆ, ಬದುಕಿದವರಲ್ಲಿ ಹೆಚ್ಚಿನವರು ಮುಂದೆ ಚೆನ್ನಾಗಿಯೇ ಇರುತ್ತಾರೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ, ಬಂದೂಕು ಎರಡನೇ ಅವಕಾಶ ಕೊಡುವುದು ತೀರಾ ಅಪರೂಪ. ನಿಮ್ಮ ಮಗ ಹಾಗೆ ಮಾಡುತ್ತಾನೆಂದು ನಾನು ಹೇಳುತ್ತಿಲ್ಲ. ಮಾಡುವುದಿಲ್ಲ ಎಂದು ಹೇಳುವ ಧೈರ್ಯ ನನಗೂ ಇಲ್ಲ, ನಿಮಗೂ ಇರಬಾರದು. ಅವನಿಗೆ ಆ ಕಪಾಟು ಗೊತ್ತಿಲ್ಲ ಎಂದುಕೊಳ್ಳಬೇಡಿ. ಮನೆಯ ಮಕ್ಕಳಿಗೆ ಅಮ್ಮನ ಸೀರೆ ಕಪಾಟಿನಲ್ಲಿ ಏನೇನಿದೆ ಎಂದು ಗೊತ್ತಿರುತ್ತದೆ.

ಅವನ ಹತ್ತಿರ ಕುಳಿತು ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಿದ್ಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯ ಬೇಡ. ಕೇಳಿದ್ದರಿಂದ ಯಾರಿಗೂ ಅದು ಹುಟ್ಟುವುದಿಲ್ಲ, ಕೇಳುವವರು ಇದ್ದಾರಲ್ಲ ಎಂಬ ಸಮಾಧಾನ ಹುಟ್ಟುತ್ತದೆ. ಪೂರಕ ಪರೀಕ್ಷೆಯ ಮಾತು ಈಗ ಎತ್ತಬೇಡಿ. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಅವನು ಮಾತಾಡದಿದ್ದರೆ ನೀವೇ ಮಾಡಿ, ತಾಯಿಯಾದವಳು ಏನು ಹೇಳಬೇಕು, ಏನು ಹೇಳಬಾರದು ಎಂದು ತಿಳಿಸುತ್ತಾರೆ. ಈ ವಾರವೇ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿ. ಇವತ್ತೇ ಏನಾದರೂ ಮಾಡಿಕೊಳ್ಳುವಂತೆ ಕಂಡರೆ ಅವನನ್ನು ಒಂಟಿಯಾಗಿ ಬಿಡದೆ 112ಕ್ಕೆ ಕರೆ ಮಾಡಿ.

ಪಿಸ್ತೂಲನ್ನು ನೀವೇ ಎತ್ತಿ ಚೀಲದಲ್ಲಿ ಹಾಕಿಕೊಂಡು ಸ್ಟೇಷನ್ನಿಗೆ ಹೋಗಬೇಡಿ. ಲೈಸೆನ್ಸ್ ಇರುವುದು ನಿಮ್ಮವರ ಹೆಸರಿನಲ್ಲಿ, ಅದನ್ನು ಹೊತ್ತು ಹೊರಗೆ ತಿರುಗುವ ಹಕ್ಕು ನಿಮಗಿಲ್ಲ. ನಿಮಗೆ ಅದರಲ್ಲಿ ಗುಂಡು ಇದೆಯೋ ಇಲ್ಲವೋ ನೋಡಲೂ ಬರುವುದಿಲ್ಲ. ಈಗ ಕಪಾಟಿಗೆ ಬೀಗ ಹಾಕಿ ಬೀಗದ ಕೈ ನಿಮ್ಮ ಮೈಮೇಲೆ ಇಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಅವರೇ ಲೈಸೆನ್ಸ್ ಪುಸ್ತಕದ ಸಮೇತ ಅದನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಶಸ್ತ್ರ ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ತರಲಿ. ಚುನಾವಣೆ ಬಂದಾಗ ನಮ್ಮ ಜಿಲ್ಲೆಯ ತೋಟದವರು, ಗದ್ದೆಯವರು ಕೋವಿಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಇಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತಿರುವುದೇ. ಅಂಥದ್ದೇ ಕೆಲಸ, ಅವಮಾನ ಇದರಲ್ಲಿ ಇಲ್ಲ. ಮಗ ಸುಧಾರಿಸಿದ್ದಾನೆ ಎಂದು ವೈದ್ಯರು ಹೇಳುವವರೆಗೆ ಅಲ್ಲೇ ಇರಲಿ.

ಇನ್ನು ನಿಮ್ಮವರ ವಿಷಯ. ಅವರನ್ನು ಶೋಕಿಗೆ ಪಿಸ್ತೂಲು ಕಟ್ಟಿಕೊಂಡವರು ಎಂದು ನಾನು ತಳ್ಳಿಹಾಕಲಾರೆ. ಹಣ ಕೇಳಿ ಬರುವ ಫೋನಿಗೆ ಅಂಕೋಲೆಯವರು ಬೆವರುವುದಕ್ಕೆ ಕಾರಣ ಇದೆ. 1996ರಲ್ಲಿ ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್, 2000ದಲ್ಲಿ ಕಾರವಾರದ ಶಾಸಕ ವಸಂತ ಅಸ್ನೋಟಿಕರ್ ಗುಂಡಿಗೆ ಬಲಿಯಾದರು. 2013ರ ಡಿಸೆಂಬರ್ 21ರಂದು ನಿಮ್ಮ ಅಂಕೋಲೆಯಲ್ಲೇ ಉದ್ಯಮಿ ಆರ್.ಎನ್. ನಾಯಕರನ್ನು ಹಾಡಹಗಲೇ ಗುಂಡಿಟ್ಟು ಕೊಂದರು, ಹಫ್ತಾ ಬೇಡಿಕೆಯ ಬೆನ್ನಿಗೆ ನಡೆದ ಕೊಲೆ ಅದು. ಇದನ್ನು ನೋಡಿ ಬೆಳೆದ ಊರಿನಲ್ಲಿ ವ್ಯಾಪಾರಸ್ಥನೊಬ್ಬ ಹೆದರಿದರೆ ಅದು ಹೇಡಿತನವಲ್ಲ.

ಆದರೆ ಆ ದಿನದ ಇನ್ನೊಂದು ಸಂಗತಿಯನ್ನು ನಿಮ್ಮವರಿಗೆ ನೆನಪು ಮಾಡಿ. ನಾಯಕರ ಜೊತೆಯಲ್ಲಿ ತರಬೇತಿ ಪಡೆದ ಪೊಲೀಸ್ ಗನ್‌ಮ್ಯಾನ್ ಇದ್ದರು. ಅವರು ತಿರುಗಿ ಗುಂಡು ಹಾರಿಸಿ ದಾಳಿಕೋರರಲ್ಲಿ ಒಬ್ಬನನ್ನು ಅಲ್ಲೇ ಕೆಡವಿದರು. ಇಷ್ಟಾದರೂ ನಾಯಕರು ಉಳಿಯಲಿಲ್ಲ. ಹೊಂಚು ಹಾಕಿ ಬರುವವನು ಹೊತ್ತನ್ನೂ ಜಾಗವನ್ನೂ ತಾನೇ ಆರಿಸಿಕೊಂಡು ಬಂದಿರುತ್ತಾನೆ. ಕೋವಿ ಪಕ್ಕದಲ್ಲಿದ್ದರೂ ಮೊದಲ ಕ್ಷಣ ಅವನದೇ. ಆ ಪ್ರಕರಣದಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ತನಿಖೆ. ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಡಿ ಮೊಕದ್ದಮೆ ನಡೆದು, 2022ರಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯ ಭೂಗತ ಪಾತಕಿ ಬನ್ನಂಜೆ ರಾಜಾ ಮತ್ತು ಇತರರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದಕ್ಕೇ ಹೇಳುತ್ತೇನೆ, ನೀವು ಪೊಲೀಸರಿಗೆ ದೂರು ಕೊಟ್ಟದ್ದು ಪಿಸ್ತೂಲು ತಂದದ್ದಕ್ಕಿಂತ ದೊಡ್ಡ ರಕ್ಷಣೆ. ಮತ್ತೆ ಅಂಥ ಫೋನು ಬಂದರೆ ನಂಬರು, ದಿನಾಂಕ, ಹೇಳಿದ ಮಾತು ಬರೆದಿಟ್ಟು ಅವತ್ತೇ ಠಾಣೆಗೆ ತಿಳಿಸಿ. ನಗದು ಕಡಿಮೆ ಮಾಡಿ, ಬಂದರಿನ ಲೆಕ್ಕವನ್ನೆಲ್ಲ ಆದಷ್ಟು ಬ್ಯಾಂಕಿನ ಮೂಲಕವೇ ನಡೆಸಿ, ಒಂದೇ ದಾರಿ ಒಂದೇ ಹೊತ್ತು ಎಂಬ ರೂಢಿ ಬಿಡಿ. ಹಣ ಇಲ್ಲದವನನ್ನು ದೋಚಲು ಯಾರೂ ಕಾಯುವುದಿಲ್ಲ.

ನೀವು ಕೇಳಿದ್ದು, ಇದು ಕಾನೂನಿಗೆ ಸರಿಯೇ ಎಂದು. ಲೈಸೆನ್ಸ್ ಇರುವುದು ಸರಿ. ಅವರು ಅದನ್ನು ಒಯ್ಯುತ್ತಿರುವ ರೀತಿ ಸರಿಯಿಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದು ಸಾರ್ವಜನಿಕ ಜಾಗದಲ್ಲಿ ಬಂದೂಕು ಒಯ್ಯುವ ಬಗ್ಗೆಯೇ ಇದೆ. ಪಿಸ್ತೂಲು, ರಿವಾಲ್ವರ್ ಆದರೆ ಅದಕ್ಕೆಂದೇ ಮಾಡಿದ ಹೋಲ್‌ಸ್ಟರಿನಲ್ಲಿ ಮೈಗೆ ಕಟ್ಟಿರಬೇಕು, ಇಲ್ಲವೇ ಬೆನ್ನುಚೀಲದಂಥ ಹೊದಿಕೆಯಲ್ಲಿರಬೇಕು. ಪೂರ್ತಿ ಮುಚ್ಚಿರಬೇಕು. ಒಯ್ಯುವವನ ಹಿಡಿತದಲ್ಲೇ ಇರಬೇಕು. ತೋರಿಸುವುದು, ಝಳಪಿಸುವುದು ನಿಷಿದ್ಧ. ಎಂದರೆ ನಮ್ಮಲ್ಲಿ ಬಚ್ಚಿಟ್ಟುಕೊಂಡು ಒಯ್ಯುವುದು ಯಾರೋ ಕೊಟ್ಟ ವಿಶೇಷ ಸವಲತ್ತಲ್ಲ, ಒಯ್ಯುವುದಾದರೆ ಹಾಗೆಯೇ ಒಯ್ಯಬೇಕು ಎಂಬುದು ಕಡ್ಡಾಯ. ಅಂಗಿ ಸರಿದು ನಾಲ್ಕು ಜನ ನೋಡುವಂತಿದ್ದರೆ ನಿಯಮ ಅಲ್ಲೇ ಮುರಿದುಬಿತ್ತು, ಲೈಸೆನ್ಸ್ ರದ್ದಾಗಲು ಅಷ್ಟು ಸಾಕು. ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಹೋಟೆಲಿಗೆ ಊಟಕ್ಕೆ ಹೋದರೆ ಹಿಡಿತ ಎಲ್ಲಿಯದು? ಗಾಜು ಒಡೆದು ಕದ್ದವನ ಕೈಯಲ್ಲಿ ಆ ಪಿಸ್ತೂಲು ಏನು ಮಾಡಿದರೂ ಪೊಲೀಸರು ಮೊದಲು ಬಡಿಯುವುದು ನಿಮ್ಮ ಬಾಗಿಲು.

ಪ್ಯಾಂಟಿನ ಹಿಂಬದಿಗೆ, ಲುಂಗಿಯ ಗಂಟಿಗೆ ಸಿಕ್ಕಿಸುವುದನ್ನು ನೆನೆದರೇ ನನಗೆ ಮೈ ನಡುಗುತ್ತದೆ. ಹೋಲ್‌ಸ್ಟರ್ ಇರುವುದು ಮುಖ್ಯವಾಗಿ ಟ್ರಿಗರ್ ಮುಚ್ಚುವುದಕ್ಕೆ. ಅದಿಲ್ಲದಿದ್ದರೆ ಬಟ್ಟೆಯ ಮಡಿಕೆ, ಬೆಲ್ಟಿನ ತುದಿ, ಅವಸರದ ಬೆರಳು ಯಾವುದು ಬೇಕಾದರೂ ಅದನ್ನು ಎಳೆದುಬಿಡಬಹುದು. ಬಗ್ಗಿದಾಗ, ಸ್ಕೂಟರಿನಿಂದ ಇಳಿದಾಗ ಜಾರುತ್ತದೆ. ಜಾರಿದ್ದನ್ನು ಹಿಡಿಯಲು ಕೈ ಹಾಕಿದವರೇ ಎಷ್ಟೋ ಸಲ ಗುಂಡು ಹಾರಿಸಿಕೊಳ್ಳುತ್ತಾರೆ. ಬಿದ್ದರೆ ಬೀಳಲಿ ಎಂದು ಬಿಡಬೇಕು. ಪಿಸ್ತೂಲಿನ ಇನ್ನೊಂದು ಮೋಸ ನಿಮಗೂ ಗೊತ್ತಿರಲಿ: ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ, ನಳಿಗೆಯ ಬುಡದ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು, ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ ಖಾತರಿ ಮಾಡಿಕೊಳ್ಳಬೇಕು. ಅಷ್ಟೂ ಹೊತ್ತು ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು, ಬೆರಳು ಟ್ರಿಗರಿನಿಂದ ಹೊರಗಿರಬೇಕು. ಲೈಸೆನ್ಸ್ ಪಡೆಯುವಾಗ ತರಬೇತಿ ಆಗಿರುತ್ತದೆ. ಆದರೆ ಆಮೇಲೆ ವರ್ಷಗಟ್ಟಲೆ ಅಭ್ಯಾಸವಿಲ್ಲದೆ ಸೊಂಟದಲ್ಲಿ ಮಾತ್ರ ಹೊತ್ತವನ ಕೈ, ಕಲಿತದ್ದನ್ನು ಮರೆಯುತ್ತದೆ. ಅಭ್ಯಾಸ ಮಾಡಲು ಬಿಡುವಿಲ್ಲದವರು ಹೊರುವ ಯೋಚನೆಯನ್ನೇ ಬಿಡುವುದು ವಾಸಿ.

ನಮ್ಮ ಕರಾವಳಿಯ ಉಪ್ಪುಗಾಳಿಯ ಮಾತನ್ನೂ ಹೇಳಬೇಕು. ಚರ್ಮದ ಹೋಲ್‌ಸ್ಟರ್ ಬೆವರು, ತೇವ ಹೀರಿಕೊಳ್ಳುತ್ತದೆ. ಪಿಸ್ತೂಲನ್ನು ಅದರಲ್ಲೇ ಇಟ್ಟು ಮಳೆಗಾಲ ಕಳೆದರೆ ತುಕ್ಕು ಹಿಡಿಯುವುದು ಖಂಡಿತ. ತುಕ್ಕು ಹಿಡಿದದ್ದು ಬೇಕಾದಾಗ ಕೈಕೊಡುತ್ತದೆ, ಬೇಡವಾದಾಗ ಸಿಡಿಯಲೂಬಹುದು.

ಗೋವಾದ ವಿಷಯದಲ್ಲಿ ನಿಮ್ಮವರು ಇನ್ನೂ ದೊಡ್ಡ ತಪ್ಪು ಮಾಡುತ್ತಿರಬಹುದು. ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಬರೆದಿರುತ್ತದೆ: ಜಿಲ್ಲೆಗೆ, ರಾಜ್ಯಕ್ಕೆ ಅಥವಾ ಇಡೀ ದೇಶಕ್ಕೆ. ಪುಸ್ತಕ ತೆಗೆದು ಇಬ್ಬರೂ ಕೂತು ನೋಡಿ. ಕರ್ನಾಟಕ ಎಂದಷ್ಟೇ ಇದ್ದರೆ, ಕಾಳಿ ಸೇತುವೆ ದಾಟಿ ಸದಾಶಿವಗಡ ಹಿಂದೆ ಹಾಕಿ ಮಾಜಾಳಿ ಚೆಕ್‌ಪೋಸ್ಟ್ ಮೀರಿದ ಕೂಡಲೇ ಅವರ ಕೈಯಲ್ಲಿರುವುದು ಆ ಊರಿಗೆ ಲೈಸೆನ್ಸಿಲ್ಲದ ಪಿಸ್ತೂಲು. ಲೈಸೆನ್ಸಿಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯಾದ ಮೇಲೆ, 2ರಿಂದ 5 ವರ್ಷ ಜೈಲಿನ ಅಪರಾಧ. ನಮ್ಮ ಜನಕ್ಕೆ ಕಾಣಕೋಣ, ಮಡಗಾಂವ್ ಎಂದರೆ ಪಕ್ಕದ ಮನೆಯಷ್ಟೇ ಹತ್ತಿರ, ಕಾನೂನಿಗೆ ಅದು ಬೇರೆ ರಾಜ್ಯ. ಕೆಲಸದ ನಿಮಿತ್ತ ಅಲ್ಲಿಗೂ ಒಯ್ಯಲೇಬೇಕೆಂದಿದ್ದರೆ ವ್ಯಾಪ್ತಿ ವಿಸ್ತರಣೆಗೆ ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಲಿ, ಅದು ಕೈಗೆ ಬರುವವರೆಗೆ ಒಯ್ಯುವುದು ಬೇಡ. ಮಾಜಾಳಿಯಲ್ಲಾಗಲಿ ಹೆದ್ದಾರಿಯಲ್ಲಾಗಲಿ ಪೊಲೀಸರು ತಡೆದರೆ, ಕೈ ಸ್ಟಿಯರಿಂಗಿನ ಮೇಲೇ ಇಟ್ಟು "ನನ್ನ ಬಳಿ ಲೈಸೆನ್ಸ್ ಇರುವ ಪಿಸ್ತೂಲಿದೆ" ಎಂದು ಬಾಯಲ್ಲಿ ಮೊದಲು ಹೇಳಬೇಕು. ಅವರು ಹೇಳಿದ ಮೇಲಷ್ಟೇ ಕೈ ಅಲುಗಿಸಬೇಕು. ಕೈಗಾ ಸ್ಥಾವರ, ಅರ್ಗಾದ ನೌಕಾನೆಲೆ, ನ್ಯಾಯಾಲಯ ಇಲ್ಲೆಲ್ಲ ಕೆಲಸವಿದ್ದ ದಿನ ಅದು ಮನೆಯಲ್ಲೇ ಬೀಗದೊಳಗೆ ಇರಬೇಕು.

ಕುಡಿತದ ಬಗ್ಗೆ ಚರ್ಚೆಯೇ ಬೇಡ. ಕುಡಿಯುವ ದಿನ ಪಿಸ್ತೂಲು ಇಲ್ಲ, ಪಿಸ್ತೂಲು ಹೊತ್ತ ದಿನ ಕುಡಿತ ಇಲ್ಲ. "ಸ್ವಲ್ಪ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಮದುವೆ ಮನೆಗೆ, ಬಂಡಿಹಬ್ಬದ ಜನಜಂಗುಳಿಗೆ ಅದನ್ನು ಯಾಕೆ ಒಯ್ಯಬೇಕು? ಅಲ್ಲಿ ಒಂದು ಗುಂಡು ಹಾರಿದರೆ ತಗಲುವುದು ನೆಂಟರಿಗೆ. ಹುಮ್ಮಸ್ಸಿಗೆ ಗಾಳಿಯಲ್ಲಿ ಹಾರಿಸಿ ಬೇರೆಯವರ ಪ್ರಾಣಕ್ಕೆ ಅಪಾಯ ತಂದರೂ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಎಂದು ಅದೇ 2019ರ ತಿದ್ದುಪಡಿ ಸೇರಿಸಿದೆ. ಅಂಗಿ ಸರಿದಾಗ ಅವರಿಗೆ ಬೇಸರವಿಲ್ಲ ಎಂದು ಬರೆದಿದ್ದೀರಿ. ಅದನ್ನು ನೀವು ಗಮನಿಸಿದ್ದು ಸರಿಯಾಗಿದೆ. ಒಮ್ಮೆ ಹೆದರಿ ಕೂತ ಗಂಡಸಿಗೆ ಜನ ತನ್ನನ್ನು ನೋಡಿ ಸರಿದು ನಿಲ್ಲುವುದು ಹಿತವೆನಿಸುತ್ತದೆ. ಆ ಹಿತಕ್ಕೆ ಬಿದ್ದರೆ ಭಯ ಹೋದರೂ ಪಿಸ್ತೂಲು ಬಿಡಲು ಮನಸ್ಸಾಗುವುದಿಲ್ಲ.

ನಿಮ್ಮ ಮೈದುನ ಸುಳ್ಳು ಹೇಳುತ್ತಿಲ್ಲ. 2021ರ ಸೆಪ್ಟೆಂಬರಿನಿಂದ ಟೆಕ್ಸಾಸಿನಲ್ಲಿ 21 ದಾಟಿದ, ಕಾನೂನಿನ ಅಡ್ಡಿಯಿಲ್ಲದ ಹೆಚ್ಚಿನವರು ಪರವಾನಗಿಯೇ ಇಲ್ಲದೆ ಕೈಬಂದೂಕು ಒಯ್ಯಬಹುದು. ಆದರೆ ಅಲ್ಲಿಯ ರೂಢಿಯಿಂದ ಅಂಕೋಲೆಯ ಮನೆ ನಡೆಸಲಾಗುವುದಿಲ್ಲ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ನಡೆಯುತ್ತದೆ, ಆಯುಧ ಹಿಡಿಯುವುದು ಹುಟ್ಟಿನಿಂದ ಬಂದ ಹಕ್ಕಲ್ಲ, ಕಾರಣ ನೋಡಿ ಕೊಡುವ ಅನುಮತಿ. ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ ಎಂದು ಯಾರಾದರೂ ಹೇಳಿದರೆ, ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ, ಉತ್ತರ ಕನ್ನಡಕ್ಕೆ ಬರುವುದಿಲ್ಲ. ಅಮೆರಿಕದಲ್ಲಿಯೂ ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಿ, ಗುಂಡು ಬೇರೆ ಇಡಿ ಎಂದು ಮಕ್ಕಳ ವೈದ್ಯರು ತಂದೆತಾಯಿಯರಿಗೆ ಹೇಳುತ್ತಲೇ ಇದ್ದಾರೆ. ಮೈದುನನನ್ನು ಅದರ ಬಗ್ಗೆಯೂ ಕೇಳಿ.

ಹೇಗೆ ಹೇಳುವುದು? ಗೋವಾದಿಂದ ಬಂದ ರಾತ್ರಿ ಬೇಡ, ಅತ್ತೆಮಾವನ ಎದುರಿಗೂ ಬೇಡ. ಬೆಳಿಗ್ಗೆ ಚಹಾ ಹೊತ್ತಿಗೆ, ಮಗನಿಗೆ ಕೇಳಿಸದ ಕಡೆ ಕೂರಿ. ಪಿಸ್ತೂಲಿನಿಂದ ಶುರು ಮಾಡಬೇಡಿ, ಮಗನ ಮಾತಿನಿಂದ ಮಾಡಿ. "ಅವ ಹೀಗಂದ. ನಂಗೆ ನಿದ್ರೆ ಬರ್ತಾ ಇಲ್ಲ. ಅವ ಸರಿಯಾಗುವವರೆಗೆ ಅದು ಈ ಮನೆಲಿ ಬೇಡ" ಎನ್ನಿ. ನಿಮಗೆ ಬುದ್ಧಿಯಿಲ್ಲ, ಜಂಬ ಮಾಡುತ್ತೀರಿ ಎನ್ನುವ ಮಾತು ಬಾಯಿಗೆ ಬಂದರೂ ನುಂಗಿ. ಹೆದರಿದವರನ್ನು ಹೀಯಾಳಿಸಿದರೆ ಅವರು ಆಯುಧವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. "ಆ ಫೋನು ಬಂದ ದಿನ ನೀವು ಹೆದರಿದ್ದು ನಂಗೆ ಗೊತ್ತುಂಟು, ನಾನೂ ಹೆದರಿದ್ದೆ" ಎಂದು ಹೇಳಿ. ಪ್ರಾಯಶಃ ಇಷ್ಟು ದಿನ ಅವರಿಗೆ ಇದನ್ನು ಯಾರೂ ಹೇಳಿಲ್ಲ. ನಿಮ್ಮ ಮಾತು ನಡೆಯದಿದ್ದರೆ ನೆಂಟರಲ್ಲಿ ನಿವೃತ್ತ ಸೈನಿಕರೋ ಪೊಲೀಸರೋ ಇದ್ದರೆ ಅವರಿಂದ ಹೇಳಿಸಿ. ನಮ್ಮ ಕಡೆ ಅಂಥವರು ಇಲ್ಲದ ಕುಟುಂಬ ಕಡಿಮೆ, ಆಯುಧ ಹಿಡಿದು ಬಾಳಿದವರ ಮಾತಿಗೆ ಬೆಲೆ ಹೆಚ್ಚು.

ಅವರು ಎಂದಾದರೂ ಅದನ್ನು ನಿಮ್ಮ ಕಡೆಗೋ ಮಕ್ಕಳ ಕಡೆಗೋ ತಿರುಗಿಸಿದರೆ, ತಮಾಷೆಗಾದರೂ ಸರಿ, ಆಗ ಮಾತುಕತೆಯ ಕಾಲ ಮುಗಿದಿದೆ. ಮನೆಯಿಂದ ಹೊರಬಂದು 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಕರೆ ಮಾಡಿ. ಸಾರ್ವಜನಿಕ ಸುರಕ್ಷತೆಗೆ ಬೇಕೆನಿಸಿದರೆ ಲೈಸೆನ್ಸ್ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ಮಗ ಚೇತರಿಸಿಕೊಂಡ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ, ಪಿಸ್ತೂಲು ಮತ್ತೆ ಬೇಕೇ? ಎರಡು ವರ್ಷದಿಂದ ಬೆದರಿಕೆ ಇಲ್ಲ. ಠಾಣೆಗೆ ಹೋಗಿ ಆ ದೂರು ಏನಾಯಿತು, ಈಗಲೂ ಅಪಾಯ ಇದೆಯೇ ಎಂದು ಕೇಳಲಿ. ಇದೆ ಎಂದಾದರೆ ಪಿಸ್ತೂಲು ಮನೆಗೆ ಬರುವ ಮೊದಲೇ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ತಿಜೋರಿ ಬರಬೇಕು. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಸಂಖ್ಯೆ ಒತ್ತಿ ತೆಗೆಯುವ ತಿಜೋರಿಯಾದರೆ ಆ ಸಂಖ್ಯೆ ಮಗನ ಹುಟ್ಟಿದ ದಿನ ಆಗಿರಬಾರದು. ಹೊರಗೆ ಒಯ್ಯುವುದು ದೊಡ್ಡ ನಗದು ಇದ್ದ ದಿನ ಮಾತ್ರ, ಬಂದ ಕೂಡಲೇ ಖಾಲಿ ಮಾಡಿ ತಿಜೋರಿಗೆ. ಗುಂಡು ಹಾರಿಸುವ ಸಂದರ್ಭ ಬಂದರೂ ಕಾನೂನು ಒಪ್ಪುವುದು ಆ ಹೊತ್ತಿನ ಅಪಾಯ ತಪ್ಪಿಸಲು ಬೇಕಾದಷ್ಟನ್ನು ಮಾತ್ರ. ಚೀಲ ಕಸಿದು ಓಡುವವನ ಬೆನ್ನಿಗೆ ಹೊಡೆದರೆ ಆತ್ಮರಕ್ಷಣೆ ಎಂದು ವಾದಿಸಿ ಗೆಲ್ಲುವುದು ಕಷ್ಟ, ಮೀನಿನ ದುಡ್ಡಿಗಾಗಿ ಕೊಲೆ ಮೊಕದ್ದಮೆ ಎದುರಿಸಬೇಕಾದೀತು.

ಅಪಾಯವಿಲ್ಲ ಎಂದು ತಿಳಿದುಬಂದರೆ ಮಾರಿಬಿಡುವುದು ಒಳ್ಳೆಯದು. ಕೈಯಿಂದ ಕೈಗೆ, ಗುರುತಿನವರೆಂದು ಕೊಡುವಂತಿಲ್ಲ. ಪರವಾನಗಿ ಇರುವ ವ್ಯಾಪಾರಿಗೆ ಕೊಡಬಹುದು. ಲೈಸೆನ್ಸ್ ಇರುವ ಇನ್ನೊಬ್ಬರಿಗಾದರೆ ಅಧಿಕಾರಿಗಳಿಗೆ ಮೊದಲೇ ಬರೆದು ತಿಳಿಸಿ, ಕಾನೂನು ಹೇಳಿದಷ್ಟು ದಿನ ಕಾಯಬೇಕು. ರಸೀದಿಯ ಒಂದು ಪ್ರತಿ ನೀವೂ ಇಟ್ಟುಕೊಳ್ಳಿ. ಉಳಿದ ಗುಂಡುಗಳೂ ಅದರ ಜೊತೆಗೇ ಹೋಗಬೇಕು, ಡಬ್ಬಿಯಲ್ಲಿ ನಾಲ್ಕು ಮರೆತು ಉಳಿದರೆ ಅದೂ ಅಪರಾಧವಾದೀತು. ಮಾರಾಟದ ವಿವರ ಕಾರವಾರದ ಡಿಸಿ ಕಚೇರಿಯಲ್ಲಿ ಲೈಸೆನ್ಸ್ ಪುಸ್ತಕಕ್ಕೆ ಏರಿ, ಸಹಿ ಬೀಳುವವರೆಗೆ ಆ ಕೆಲಸದ ಬೆನ್ನು ಬಿಡಬೇಡಿ.